ಭತ್ತದ ನಡುವಿನ ಒಣಮಡಿ

ಮಿಶ್ರ ಕೃಷಿಯ ತರಬೇತಿಗೆ ಒಂದು ಮನೆಯಿಂದ ಇಬ್ಬರು ಬರಬೇಕೆಂಬ ಷರತ್ತಿತ್ತು. ಗಂಡ ಹೆಂಡತಿಯೇ ಬಂದರೆ ಒಳ್ಳೆಯದು ಎಂದು ನಡೆಸುವವರು ಹೇಳಿದ್ದರು. ಆದರೆ ಅದು ಭತ್ತದ ಕೊಯ್ಲಿನ ಕಾಲ. ನನ್ನ ಗಂಡ ಗೆಳೆಯರೊಂದಿಗೆ ಪಾಲಿನಲ್ಲಿ ಕೊಂಡ ಕೊಯ್ಲಿನ ಯಂತ್ರದ ಹಿಂದೆ ಊರೂರು ತಿರುಗುತ್ತಿದ್ದರು. "ನನಗ ಅದೆಲ್ಲ ಆಗಂಗಿಲ್ಲ. ಬೇಕಾದ್ರ ನೀ ಹೋಗಿ ಬಾ" ಎಂದರು. ಒಬ್ಬಳೇ ಹೋದರೆ ಸೇರಿಸಿಕೊಳ್ಳುವುದಿಲ್ಲ ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಮಾವ, ನನ್ನ ಕಡೆ ನೋಡದೆ, ಮಗನಿಗೆ ಹೇಳಿದರು: "ನಾ ಹೊಕ್ಕೀನಿ ಬಿಡು."

ಮದುವೆಯಾಗಿ ಬಂದಾಗಿನಿಂದ ಮಾವ ನನ್ನೊಡನೆ ನೇರವಾಗಿ ಮಾತಾಡಿದ್ದು ಕಡಿಮೆ. ನೀರು ಬೇಕಾದರೂ ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಮನೆಯ ರೂಢಿ ಹಾಗೆ. ಹೀಗಾಗಿ ನಾವಿಬ್ಬರೂ ಹೊರಟಾಗ ಅತ್ತೆ ನಗುತ್ತಾ, "ಅಲ್ಲಿ ನಿಮ್ಮಿಬ್ಬರ ನಡುವ ಮಾತು ದಾಟಸಾಕ ಯಾರದಾರ?" ಎಂದು ಕೇಳಿದರು. ಎಮ್ಮೆ ನೋಡಿಕೊಳ್ಳಲು ಅವರು ಮನೆಯಲ್ಲೇ ಉಳಿದರು. ನಾವು ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿ ದಾಟಿ, ಲಿಂಗಸುಗೂರು ಇನ್ನೂ ಸ್ವಲ್ಪ ದೂರವಿರುವಾಗಲೇ ಇಳಿದು, ತರಬೇತಿ ನಡೆಯುವ ಹೊಲದ ಕಡೆ ಮಣ್ಣಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದೆವು.

ನನ್ನ ತವರು ಸಂತೆಕಲ್ಲೂರು. ಮಳೆಯನ್ನೇ ನಂಬಿದ ಎರೆಹೊಲ. ಜೋಳ, ತೊಗರಿ, ಕಡಲೆ. ಗಂಡನ ಊರು ಮುಕ್ಕುಂದದ ಆಚೆ, ಕಾಲುವೆಯ ಸೀಮೆ. ಮದುವೆಯ ಮಾತುಕತೆಯಲ್ಲಿ ನನ್ನ ತಂದೆ "ನೀರಾವರಿ ಮನಿ" ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದ್ದರು. ಬಂದು ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಭತ್ತವೇ. ರೊಟ್ಟಿಯ ಜೋಳ ಮಾತ್ರ ಅಂಗಡಿಯಿಂದ ಬರುತ್ತಿತ್ತು. ಮೊದಮೊದಲು ನನಗೆ ಇದು ವಿಚಿತ್ರವೆನಿಸಿತು, ಆಮೇಲೆ ಅನಿಸುವುದು ನಿಂತಿತು.

ತರಬೇತಿ ಕೊಡುವವಳು ಮಸ್ಕಿ ಕಡೆಯ ಹುಡುಗಿ. ಕೃಷಿ ಓದಿದವಳು, ನನಗಿಂತ ಚಿಕ್ಕವಳು. ಮೊದಲ ದಿನ ಎಲ್ಲರನ್ನೂ ಬೇವಿನ ಮರದ ಕೆಳಗೆ ಜೋಡಿ ಜೋಡಿಯಾಗಿ ಕೂರಿಸಿದಳು. ಮಾವ ಜಮಖಾನೆಯ ಅಂಚಿಗೆ ಸರಿದು ಕುಳಿತರು, ನಾನು ಇನ್ನೊಂದು ಅಂಚಿಗೆ. ಅವಳು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು: "ನಿನ್ನಿ ನಿಮ್ಮ ಮನಿ ಅಡಿಗಿಗೆ ನಿಮ್ಮ ಹೊಲದಿಂದ ಏನು ಬಂತ್ರಿ?"

ನಮ್ಮ ಸರದಿ ಬಂದಾಗ ಮಾವ "ಏನೂ ಇಲ್ರಿ" ಎಂದರು.

"ಅಕ್ಕಿರೀ?"

"ಭತ್ತ ಹೊಲದಾಗಿಂದನ ಲಾರಿಗೆ ಹೊಕ್ಕೈತ್ರಿ. ಅಕ್ಕಿ ಗಿರಣಿಯಿಂದ ತರತೀವಿ."

ಯಾರೂ ನಗಲಿಲ್ಲ. ಕಾಲುವೆ ಸೀಮೆಯಿಂದ ಬಂದ ಉಳಿದವರ ಉತ್ತರವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಆ ವಾರ ಕಲಿಸಿದ್ದರಲ್ಲಿ ಕೆಲವು ನನಗೆ ತವರಿನಿಂದಲೇ ಗೊತ್ತಿದ್ದವು, ಕೆಲವು ಹೊಸವು. ಸೊಪ್ಪನ್ನು ಒಂದೇ ಸಲ ಬಿತ್ತದೆ ವಾರಕ್ಕೊಂದು ಸಾಲಿನಂತೆ ಬಿತ್ತಿದರೆ ಕೊಯ್ಯುವುದೂ ವಾರವಾರ ಸಿಗುತ್ತದೆ ಎಂಬುದು ಹೊಸದು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ನೆರಳಲ್ಲಿಟ್ಟು ಹೊಲಕ್ಕೆ ಹಾಕುವುದನ್ನು ನಮ್ಮ ಕೈಯಲ್ಲೇ ಮಾಡಿಸಿದರು. ಬದುವಿನ ಮೇಲೆ ಮೇವಿನ ಹುಲ್ಲು ಹಚ್ಚುವುದನ್ನು ತೋರಿಸಿದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ನಡೆಸಬೇಕು ಎಂಬುದು ಎಲ್ಲದರ ಸಾರ.

ಕೋಳಿಯ ಮಾತು ಬಂದಾಗ ಮಾವ ಎದ್ದು ನಿಂತರು. ಸಣ್ಣ ಕುಟುಂಬಕ್ಕೆ ನಾಟಿಕೋಳಿಯಷ್ಟು ಬೇಗ ಕೈಹಿಡಿಯುವುದು ಬೇರೊಂದಿಲ್ಲ ಎಂದು ಆ ಹುಡುಗಿ ವಿವರಿಸುತ್ತಿದ್ದಳು.

"ನಮ್ಮ ಮನ್ಯಾಗ ಕೋಳಿ ಸಾಕಂಗಿಲ್ರಿ" ಎಂದರು ಮಾವ. ಕೊರಳಿನ ಲಿಂಗದ ಮೇಲೆ ಕೈ ಇತ್ತು. "ನೀವು ಹೇಳೂದು ತಪ್ಪಂತ ಅಲ್ಲ. ನಮಗ ಹೊಂದಂಗಿಲ್ಲ."

ಅವಳು "ಎಮ್ಮಿ ಐತೇನ್ರಿ?" ಎಂದಳು.

"ಐತಿ."

"ಹಂಗಾದ್ರ ನೀವು ಮೇವಿನ ಕಡೆ ಲಕ್ಷ್ಯ ಕೊಡ್ರಿ. ಕೋಳಿ ಪಾಠದಾಗ ಕುಂದರೂದು ನಿಮಗ ಬಿಟ್ಟಿದ್ದು."

ಮಾವ ಆ ಪಾಠವನ್ನೂ ಪೂರ್ತಿ ಕುಳಿತು ಕೇಳಿದರು. ಮಧ್ಯಾಹ್ನ ಊಟದ ಪಾಳಿಯಲ್ಲಿ ತಾಟು ಹಿಡಿದು ನಿಂತಾಗ ನನ್ನ ಕಡೆ ತಿರುಗಿ, "ಯವ್ವಾ, ನಿಮ್ಮೂರಾಗ ತೊಗರಿ ಸಾಲು ಎಷ್ಟು ದೂರ ಬಿಡತಾರ?" ಎಂದು ಕೇಳಿದರು. ನಾನು ಕೈಯಲ್ಲಿ ಅಳತೆ ತೋರಿಸಿದೆ. ಅವರು ತಲೆಯಾಡಿಸಿ ಮುಂದೆ ಹೋದರು. ನೇರವಾಗಿ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು.

ಮನೆಗೆ ಬಂದ ಮೇಲೆ ಹಳ್ಳದ ಕಡೆಗಿರುವ ಒಂದು ಮಡಿಯನ್ನು ಭತ್ತದಿಂದ ಬಿಡಿಸೋಣ ಎಂದು ಮಾವ ಹೇಳಿದರು. ಉಂಡು ಕೈ ಒರೆಸಿಕೊಳ್ಳುತ್ತಿದ್ದ ನನ್ನ ಗಂಡ, "ಸುತ್ತೂ ಕಡೆ ಭತ್ತ ಹಚ್ಚಿ ನೀರು ನಿಲ್ಲಸತಾರ. ನಡುವ ನಿಮ್ಮ ಜೋಳ ಹೆಂಗ ಬರತೈತಿ?" ಎಂದರು.

"ಬರತೈತಿ" ಎಂದರು ಮಾವ.

ಬರಲಿಲ್ಲ. ಮುಂಗಾರಿಗೆ ಜೋಳದ ನಡುನಡುವೆ ತೊಗರಿ ಹಾಕಿ, ಒಂದು ಬದಿಗೆ ಪುಂಡಿಪಲ್ಯದ ಹುಳಿಸೊಪ್ಪು, ಮೆಂತ್ಯ, ಚವಳಿಕಾಯಿ ಹಾಕಿದ್ದೆವು. ಮೊಳಕೆ ಚೆನ್ನಾಗಿಯೇ ಎದ್ದಿತು. ಕಾಲುವೆಗೆ ನೀರು ಬಂದು, ಸುತ್ತಲಿನವರು ಗದ್ದೆ ಕಲಸಿ ನಾಟಿ ಹಚ್ಚಿದ ಮೇಲೆ ನಮ್ಮ ಮಡಿಯ ಮಣ್ಣು ಒಣಗುವುದನ್ನೇ ಮರೆಯಿತು. ಕಾಲಿಟ್ಟರೆ ಹಿಮ್ಮಡಿಯ ಗುರುತಿನಲ್ಲಿ ನೀರು ಕೂಡುತ್ತಿತ್ತು. ಮೊದಲು ತೊಗರಿ ಹಳದಿಯಾಯಿತು, ಆಮೇಲೆ ಉಳಿದವು. ಒಂದು ಗಿಡ ಕಿತ್ತು ನೋಡಿದೆ, ಬೇರು ಕೊಳೆತು ಕಪ್ಪಾಗಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಾವ ಆ ದಿನಗಳಲ್ಲಿ ಹೊಲದ ಕಡೆ ಹೋಗುವುದನ್ನು ಕಡಿಮೆ ಮಾಡಿದರು.

ನಾನು ತರಬೇತಿಯ ಹುಡುಗಿಗೆ ಫೋನ್ ಮಾಡಿದೆ. ಅವಳು ಸ್ಕೂಟರಿನಲ್ಲಿ ಬಂದು, ಚಪ್ಪಲಿ ಬಿಟ್ಟು ಮಡಿಯೊಳಗೆ ಇಳಿದು ಅಡ್ಡಾಡಿದಳು.

"ನಮ್ಮ ತರಬೇತಿ ಹೊಲ ಒಣ ಸೀಮ್ಯಾಗ ಐತ್ರಿ" ಎಂದಳು ಮಾವನಿಗೆ. "ಸುತ್ತಲೂ ನೀರು ನಿಂತ್ರ ಏನಾಗತೈತಿ ಅನ್ನೋದು ನಾನೂ ಈಗ ನೋಡಾಕತ್ತೀನಿ. ಬದುವಿನ ಗುಂಟ ಆಳಕ್ಕ ಕಾಲುವಿ ತೋಡಿ, ಹಳ್ಳಕ್ಕ ಬಿಟ್ರ ಬಸಿನೀರು ಹೋದೀತು. ಖಾತ್ರಿ ಹೇಳಂಗಿಲ್ರಿ."

"ಸುಳ್ಳು ಹೇಳಲಿಲ್ಲಲ್ಲ, ಅಷ್ಟು ಸಾಕು" ಎಂದರು ಮಾವ. ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು.

ಕಾಲುವೆ ತೋಡಬೇಕೆಂದರೆ ಪಕ್ಕದ ಹೊಲದವರನ್ನು ಕೇಳಬೇಕು. ಅವರು ಕ್ಯಾಂಪಿನವರು, ತಂದೆಯ ಕಾಲದಲ್ಲಿ ಆಂಧ್ರದಿಂದ ಬಂದು ನೆಲೆ ನಿಂತವರು. ಮಾವ ನನ್ನನ್ನೂ ಕರೆದುಕೊಂಡು ಹೋದರು. ಆತ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ.

"ನೀಳ್ಳು ನಿಲ್ಲಿಸ್ದೆ ವರಿ ಹ್ಯಾಗೆ ಬೆಳೀತದೆ ಯಜಮಾನ್ರೇ?" ಎಂದ. ಭತ್ತಕ್ಕೆ ಅವರ ಮನೆಯಲ್ಲಿ ವರಿ ಎನ್ನುತ್ತಾರೆ. "ನೀವು ಪಕ್ಕದಲ್ಲೇ ಆಳಕ್ಕೆ ತೋಡಿದ್ರೆ ನಂ ಬದು ಕುಸೀತದೆ. ನಂ ನೀರೂ ಹೋಗ್ತದೆ."

"ನಿನ್ನ ಬದುವಿಗೆ ಕೈ ಹಚ್ಚಂಗಿಲ್ಲ. ನಮ್ಮ ಹೊಲದಾಗ ಒಂದು ಮಾರು ಬಿಟ್ಟು ತೋಡತೀವಿ."

"ನಿಮ್ ಜಾಗ ಹೋಗ್ತದಲ್ಲ?"

"ಹೋಗಲಿ."

ಆತ ಎದ್ದು ಬದುವಿನುದ್ದಕ್ಕೂ ನಡೆದು, ಎಲ್ಲಿಂದ ತೋಡಬೇಕೆಂದು ತಾನೇ ಕಡ್ಡಿ ನೆಟ್ಟು ತೋರಿಸಿದ. ಒಂದು ಮಾರಿಗಿಂತ ಸ್ವಲ್ಪ ಹೆಚ್ಚೇ ಒಳಗೆ ನೆಟ್ಟ. ಮಾವ ಅದಕ್ಕೇ ಒಪ್ಪಿದರು.

ನನ್ನ ಗಂಡ ಈ ಕೆಲಸಕ್ಕೆ ಜೆಸಿಬಿ ತರಿಸಿದರು. ನಾನು ಅವರ ಮನಸ್ಸು ತಿರುಗಿತೆಂದುಕೊಂಡೆ. ಆದರೆ ಅವರಿಗೆ ಟ್ರ್ಯಾಕ್ಟರ್ ನಿಲ್ಲಿಸುವ ಜಾಗ ಎತ್ತರಿಸಲು ಮಣ್ಣು ಬೇಕಿತ್ತು. ತೋಡಿದ ಮಣ್ಣಿನಲ್ಲಿ ಹೆಚ್ಚಿನದು ಅಲ್ಲಿಗೆ ಹೋಯಿತು. ಉಳಿದ ಮಣ್ಣನ್ನು ಏರಿಯಾಗಿ ಎಳೆದು ಮೇವಿನ ಹುಲ್ಲು ಹಚ್ಚಿದೆವು. ಆ ಹುಲ್ಲು ಮಾತ್ರ ಹಚ್ಚಿದ ದಿನದಿಂದ ಇಂದಿನವರೆಗೂ ಒಮ್ಮೆಯೂ ಕೈಕೊಟ್ಟಿಲ್ಲ.

ಮರುವರ್ಷ ಮಡಿ ಬದುಕಿತು. ಹಳ್ಳದ ಕಡೆಯ ಅರ್ಧ ಚೆನ್ನಾಗಿ, ಈ ಕಡೆಯ ಅರ್ಧ ಹೇಗೋ. ಸೊಪ್ಪು ಮನೆಗೆ ಆಗಿ ಮಿಕ್ಕತೊಡಗಿದಾಗ ಮಾರುವ ಪ್ರಶ್ನೆ ಎದ್ದಿತು. ಮಾವ ಸಿಂಧನೂರಿನ ಸಂತೆಯಲ್ಲಿ ಸೊಪ್ಪು ಹರವಿಕೊಂಡು ಕೂರಲು ಒಪ್ಪಲಿಲ್ಲ. ನಾನು ಕೂರುತ್ತೇನೆಂದರೆ ನನ್ನ ಗಂಡ ಒಪ್ಪಲಿಲ್ಲ. ಎರಡು ವಾರದ ಸೊಪ್ಪನ್ನು ಎಮ್ಮೆ ತಿಂದಿತು. ಕಡೆಗೆ ಅತ್ತೆಯೇ ದಾರಿ ತೋರಿಸಿದರು. ಸಿಂಧನೂರು ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಖಾನಾವಳಿ ನಡೆಸುವ ಹೆಂಗಸೊಬ್ಬಳು ಅವರಿಗೆ ಪರಿಚಯ. ಆಕೆ ದಿನಾ ಪುಂಡಿಪಲ್ಯ ಮಾಡುತ್ತಾಳೆ. ಆಕೆಯ ಹಿತ್ತಿಲ ಬಾಗಿಲಿಗೆ ಮುಟ್ಟಿಸುವುದಕ್ಕೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಬೆಳಗಿನ ಬಸ್ಸಿಗೆ ಒಂದು ದಿನ ಮಾವ, ಒಂದು ದಿನ ನಾನು ಗಂಟು ಒಯ್ಯತೊಡಗಿದೆವು. ವಾರವಾರ ಬಿತ್ತುವ ಪಾಠ ಇಲ್ಲಿ ಕೆಲಸಕ್ಕೆ ಬಂತು. ಆಕೆಗೆ ಒಂದೇ ದಿನ ರಾಶಿ ಬೇಕಿರಲಿಲ್ಲ, ದಿನಾ ಸ್ವಲ್ಪ ಬೇಕಿತ್ತು. ಮನೆಯ ಸಂತೆಯ ಖರ್ಚು ಅದರಲ್ಲೇ ನಡೆಯುತ್ತಿತ್ತು.

ಆಮೇಲೆ ಒಂದು ವರ್ಷ ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬರಲಿಲ್ಲ. ಗದ್ದೆಗಳೆಲ್ಲ ಕೊಯ್ದ ಭತ್ತದ ಕೂಳೆ ಹೊತ್ತು ಬರಿದೇ ಬಿದ್ದವು. ನಮ್ಮ ಮಡಿಯ ಸೊಪ್ಪೂ ಒಣಗಿತು, ಖಾನಾವಳಿಗೆ ಒಯ್ಯುವುದು ನಿಂತಿತು. ಆದರೆ ಮಣ್ಣಿನ ತೇವದಲ್ಲಿ ಬಿತ್ತಿದ ಹಿಂಗಾರಿ ಜೋಳ ನಿಂತುಕೊಂಡಿತು. ನನ್ನ ಗಂಡ ಅದನ್ನು ನೋಡಿ ಬಂದು, "ದೊಡ್ಡ ಮಡ್ಯಾಗ ಕಡ್ಲಿ ಹಾಕಿದ್ರ ಬರತೈತೇನು?" ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಹಾಕಿದರು. ಕಲಸಿ ಕಲಸಿ ಗಟ್ಟಿಯಾದ ನೆಲದಲ್ಲಿ ಕಡಲೆ ಅಲ್ಲೊಂದು ಇಲ್ಲೊಂದು ತೇಪೆಯಂತೆ ಬಂತು. ಮಾರುವಷ್ಟಾಗಲಿಲ್ಲ, ಮನೆಗೆ ಆಯಿತು. ಆ ಜೋಳದ ರೊಟ್ಟಿಯನ್ನು ಎಲ್ಲರೂ ಉಂಡೆವು.

ಈ ವರ್ಷ ಕಾಲುವೆಗೆ ನೀರು ಬಂದಿದೆ. ದೊಡ್ಡ ಮಡಿಗಳಲ್ಲಿ ಮತ್ತೆ ಭತ್ತ. ಕಳೆದ ತಿಂಗಳು ಮಾವನೂ ನಾನೂ ಖಾನಾವಳಿಗೆ ಹೋಗಿ, ಮತ್ತೆ ಸೊಪ್ಪು ತರೋಣವೇ ಎಂದು ಕೇಳಿದೆವು. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಪಲ್ಯ ಈಗ ಬ್ಯಾರೇದವ್ರು ಕೊಡಾಕತ್ತಾರ. ಅವರನ್ನ ಬಿಡಸಾಕ ಬರಂಗಿಲ್ಲ. ಚವಳಿಕಾಯಿ ಇದ್ರ ತರ್ರಿ."

ಮಾವ ನನ್ನನ್ನು ನೋಡಿದರು. "ಆಗತೈತ್ರಿ" ಎಂದೆ. ಗಾಂಧಿ ವೃತ್ತದ ಹತ್ತಿರ ಬೀಜದ ಅಂಗಡಿಗೆ ಹೋಗಿ ಚವಳಿ ಬೀಜ ಕೊಂಡು, ಮರುದಿನ ಹಳ್ಳದ ಕಡೆಯ ಅರ್ಧದಲ್ಲಿ ಮೊದಲ ಸಾಲು ಊರಿದೆವು.