ನಮ್ಮಪ್ಪನ ಮೊದಲ ಬ್ಯಾಳಿ

ನಮ್ಮಪ್ಪ ಶಿವರಾಯನಿಗೆ ಮೂರು ಭಾಷೆಗಳಲ್ಲಿ ಕುರಿ ಮಾರಲು ಬರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯವರ ಹತ್ತಿರ ತೆಲುಗು, ಜಹೀರಾಬಾದಿನ ಸಂತೆಯಲ್ಲಿ ದಖನಿ ಉರ್ದು. ಕುರಿಯ ಹಲ್ಲು, ವಯಸ್ಸು, ಕುಂಟು, ಕೆಮ್ಮು ಎಲ್ಲಕ್ಕೂ ಅವನ ಬಳಿ ಮೂರು ಮೂರು ಮಾತುಗಳಿವೆ. "ನನಗ ಬರಲಾರದ ಮಾತು ಯಾವದದ ಹೇಳು?" ಎಂದು ಮೀಸೆ ತಿರುವುತ್ತಿದ್ದ. ಬರಲಾರದ ಮಾತೂ ಇದೆ ಎಂದು ನಮಗೆಲ್ಲ ಗೊತ್ತಾದದ್ದು ಅವನ ಐವತ್ತೆಂಟನೆಯ ವಯಸ್ಸಿನಲ್ಲಿ, ಅವನು ಮೊದಲ ಸಲ ಅಡುಗೆಗೆ ಒಲೆ ಹಚ್ಚಿದ ದಿನ.

ನಾನು ಅವನ ಒಬ್ಬಳೇ ಮಗಳು, ಸ್ವಾತಿ. ಜಹೀರಾಬಾದಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ಗಂಡನ ಮನೆಯೂ ಅಲ್ಲೇ. ಅಪ್ಪ ಅವ್ವ ಇರುವುದು ನ್ಯಾಲ್ಕಲ್ ಕಡೆಯ ನಮ್ಮ ಹಳ್ಳಿಯಲ್ಲಿ. ನಲವತ್ತು ಕುರಿ, ಎರಡೆಕರೆ ಜೋಳದ ಹೊಲ. ಊರು ಬಿಟ್ಟು ತಿಂಗಳುಗಟ್ಟಲೆ ದೂರ ಮೇಯಿಸಲು ಹೋಗುವ ಕುರಿಗಾರರು ತಾವೇ ಬೇಯಿಸಿಕೊಂಡು ತಿನ್ನುತ್ತಾರೆ. ನಮ್ಮಪ್ಪ ಹಾಗಲ್ಲ. ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಬುತ್ತಿ ಹೆಗಲಿಗೇರಿಸಿ ಹೊರಟರೆ ಸಂಜೆ ಅವ್ವ ಬಡಿಸಿದ ತಾಟಿನ ಮುಂದೆ ಬಂದು ಕೂರುವವನು. ಅಡುಗೆಮನೆಯಲ್ಲಿ ಅವನಿಗೆ ಗೊತ್ತಿದ್ದದ್ದು ನೀರಿನ ಕೊಡ ಒಂದೇ.

ಮೂರು ವರ್ಷದ ಹಿಂದೆ ಅವನ ಮುದ್ದಿನ ಟಗರು ಅವ್ವನಿಗೆ ಗುಮ್ಮಿತು. ಅವ್ವ ಗುಂಡಮ್ಮ ಹಟ್ಟಿಯಲ್ಲಿ ಕಸ ಗುಡಿಸುತ್ತಿದ್ದಳು, ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಜಹೀರಾಬಾದಿಗೆ ಕರೆತಂದು ಪ್ಲಾಸ್ಟರ್ ಹಾಕಿಸಿದೆವು. ಆರು ವಾರ ಕೈ ಅಲುಗಿಸುವಂತಿಲ್ಲ ಎಂದರು ಡಾಕ್ಟರು. ನಮ್ಮ ಮನೆಯಲ್ಲೇ ಇರು ಎಂದು ನಾನು ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಮಗಳ ಗಂಡನ ಮನೆಯಲ್ಲಿ ಕೂತು ಉಣ್ಣುವುದು ಆಕೆಗೆ ಸರಿ ಬರುವುದಿಲ್ಲ. ಊರಿಗೇ ಹೋದಳು, ನಾಲ್ಕು ದಿನ ಓಣಿಯವರು ಕಳಿಸಿದ್ದನ್ನು ಉಂಡಳು.

ಐದನೆಯ ದಿನ ತಾಂಡೂರು ಕಡೆಯಿಂದ ನಮ್ಮ ಸೋದರಮಾವ ಗುರುಲಿಂಗನ ಫೋನು ಅಪ್ಪನಿಗೆ ಬಂತು. ಅವ್ವನ ತಮ್ಮ, ಅಕ್ಕ ಎಂದರೆ ಪ್ರಾಣ. "ಐತವಾರ ಬರ್ತೀನ್ರಿ ಮಾಮಾ. ಅಕ್ಕನ್ನ ಕರಕೊಂಡು ಹೋಗ್ತೀನಿ. ಅಲ್ಲಿ ಆಕಿಗಿ ಮಾಡಿ ಹಾಕವರು ಯಾರದಾರ?" ಎಂದ. ಅವ್ವನಿಗೂ ಸಿಟ್ಟಿತ್ತು, ಟಗರಿನ ಮೇಲೂ ಟಗರನ್ನು ಮುದ್ದು ಮಾಡಿ ಕೆಡಿಸಿದವನ ಮೇಲೂ. "ನಾ ಹೋಗ್ತೀನಿ," ಎಂದಳು. ಅಪ್ಪ, "ಹೋಗು, ನನಗೇನು," ಎಂದ.

ನನಗೇನು ಅಂತೆ! ಈ ಮನುಷ್ಯನ ಬಣ್ಣ ನನಗೆ ಗೊತ್ತಿಲ್ಲವೇ? ಅವ್ವ ಪಂಚಮಿಗೆ ತವರಿಗೆ ಹೋದರೆ ಮೂರನೆಯ ದಿನಕ್ಕೆ ಇವನು ಅಲ್ಲಿ ಹಾಜರು. "ಈ ಕಡಿ ಒಂದು ಟಗರು ನೋಡಾಕ ಬಂದಿದ್ದೆ," ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಆ ಊರಿನಿಂದ ಒಂದು ಟಗರನ್ನೂ ತಂದವನಲ್ಲ. ಅಂಥವನು ಆರು ವಾರ ಹೇಗೆ ಕಳೆದಾನು? ಮರುದಿನ ಬೆಳಿಗ್ಗೆ ನನಗೆ ಅವನ ಫೋನು ಬಂತು.

"ಐತವಾರ ನೀ ಬಾ. ಬರುಮುಂದ ರೊಟ್ಟಿ ತಾ. ಬ್ಯಾಳಿ ನಾ ಮಾಡ್ತೀನಿ."

"ನೀ?"

"ಮಾಡಿ ಹಾಕವರಿಲ್ಲ ಅಂತ ಗುರುಲಿಂಗ ಬರ್ತಾನ. ಮಾಡಿ ಹಾಕವರದಾರ ಅಂದ್ರ ಯಾಕ ಕರಕೊಂಡು ಹೋಗ್ತಾನ? ಉಂಡು ನೋಡಿ ಹೋಗಲಿ." ಮಾತು ಮುಗಿಯಿತು, ಫೋನು ಕಟ್ಟಾಯಿತು.

ಭಾನುವಾರ ನಾನು ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಮಾರುವವಳಿಂದ ಇಪ್ಪತ್ತು ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋದೆ. ಅಪ್ಪ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆಯ ಮುಂದೆ, ಧೋತರ ಮೇಲೆ ಕಟ್ಟಿ ಕೂತಿದ್ದ. ಮನೆಯೊಳಗೆ ಗ್ಯಾಸ್ ಇತ್ತು. ಅದರ ಮೇಲೆ ಅವನಿಗೆ ನಂಬಿಕೆ ಇಲ್ಲ. "ಕಟ್ಟಿಗಿ ಕಾಣಂಗಿಲ್ಲ, ಬೂದಿ ಕಾಣಂಗಿಲ್ಲ, ಅದೆಂಥ ಒಲಿ?" ಎಂದ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಸಹಾಯಕ್ಕೆ ಹೋದರೆ ಗದರಿಸಿ ಕಳಿಸಿದ. ನಾನು ಕೈ ಹಾಕಿದರೆ ಅದು ಅವನ ಅಡುಗೆ ಆಗುವುದಿಲ್ಲವಲ್ಲ. ನಾನೂ ಅವ್ವನೂ ಮುಂದಿನ ಬೇವಿನ ಮರದ ಕೆಳಗೆ ಕೂತೆವು.

"ಬ್ಯಾಳಿ ತೊಳೀರಿ!" ಎಂದು ಅವ್ವ ಅಲ್ಲಿಂದಲೇ ಕೂಗಿದಳು.

"ತೊಳದೀನಿ!"

ತೊಳೆದಿದ್ದ, ಖರೆ. ಉಣ್ಣೆ ಕತ್ತರಿಸುವ ಮೊದಲು ಕುರಿಯನ್ನು ಹಳ್ಳದಲ್ಲಿ ತಿಕ್ಕುವ ಹಾಗೆ ತಿಕ್ಕಿದ್ದ. ಕಾಲು ಭಾಗ ಬ್ಯಾಳಿ ಮೋರಿಗೆ ಹೋಗಿತ್ತು, ಓಣಿಯ ಕೋಳಿಗಳೆಲ್ಲ ಅಲ್ಲಿ ನೆರೆದಿದ್ದವು. ಆದರೂ ಉಳಿದದ್ದೇನು ಕಡಿಮೆ ಇರಲಿಲ್ಲ. ನಾಲ್ಕು ಜನಕ್ಕೆ ಅವನು ಅಳೆದದ್ದು ಎರಡು ಸೇರು. ಅದು ಬೆಂದು ಉಬ್ಬಿ ಪಾತ್ರೆಯ ಅಂಚು ದಾಟಿ ಒಲೆಗೆ ಇಳಿಯತೊಡಗಿದಾಗ ಅಪ್ಪ "ಹೋ, ಹೋ, ಹೋ" ಎಂದು ಕುರಿಗಳ ಹಾಗೆ ಅದನ್ನೂ ತಡೆಯಲು ನೋಡಿದ. ಕೊನೆಗೆ ಎಲ್ಲವನ್ನೂ ಸ್ನಾನದ ನೀರು ಕಾಯಿಸುವ ದೊಡ್ಡ ಬೋಗುಣಿಗೆ ಸುರಿದು, ಅದರಲ್ಲೇ ಪುಂಡಿಪಲ್ಯದ ಹುಳಿಸೊಪ್ಪು ಹರಿದು ಹಾಕಿದ. ಖಾರದ ಪುಡಿ ಹಾಕಿದ. ಆಮೇಲೆ ಉಪ್ಪು.

ಉಪ್ಪಿನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಜೀವಮಾನದಲ್ಲಿ ಉಪ್ಪು ಮುಟ್ಟಿಲ್ಲವೆಂದಲ್ಲ. ವಾರಕ್ಕೊಮ್ಮೆ ಕುರಿಗಳಿಗೆ ಕಲ್ಲುಪ್ಪು ಹಾಕುತ್ತಾನೆ, ಬೊಗಸೆ ತುಂಬ. ಕೈಗೆ ಗೊತ್ತಿದ್ದದ್ದು ಆ ಒಂದೇ ಅಳತೆ. ಬ್ಯಾಳಿಗೂ ಅದೇ ಕೈ ಹೋಯಿತು.

ಇದೂ ಮುಂದಿನದೂ ನಮ್ಮ ಕಣ್ಣಿಗೆ ಬಿದ್ದದ್ದಲ್ಲ, ಪಕ್ಕದ ಮನೆಯ ಮೆಹರ್ ಖಾಲಾನೂ ಅಪ್ಪನೂ ಆಮೇಲೆ ಹೇಳಿದ್ದು. ರುಚಿ ನೋಡಬೇಕು ಎನ್ನುವುದು ಅಪ್ಪನಿಗೆ ಗೊತ್ತಿತ್ತು. ಊದಿ ಆರಿಸಬೇಕು ಎನ್ನುವುದು ಗೊತ್ತಿರಲಿಲ್ಲ. ಕುದಿಯುತ್ತಿದ್ದ ಬ್ಯಾಳಿಯನ್ನು ಸೌಟಿನಿಂದ ನೇರ ನಾಲಿಗೆಗೆ ಇಟ್ಟುಕೊಂಡ. ಕೂಗಿದರೆ ಅವ್ವನಿಗೆ ಕೇಳುತ್ತದೆ. ಬಾಯಿ ಮುಚ್ಚಿಕೊಂಡು ಹಿತ್ತಲಿನಲ್ಲಿ ಎರಡು ಸುತ್ತು ಕುಣಿದ. ಆಮೇಲೆ ನಾಲಿಗೆಗೆ ಸಿಹಿಯೂ ಇಲ್ಲ, ಕಹಿಯೂ ಇಲ್ಲ. ಖಾಲಾ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದರು. ಅಪ್ಪ ಒಂದು ಬಟ್ಟಲಲ್ಲಿ ಬ್ಯಾಳಿ ಹಾಕಿ ಗೋಡೆಯ ಮೇಲಿಟ್ಟು, "ಜರಾ ದೇಖೋ," ಎಂದ.

ಇಪ್ಪತ್ತು ವರ್ಷದ ನೆರೆಹೊರೆ. ಅವ್ವನೂ ಖಾಲಾನೂ ಆ ಗೋಡೆಗೆ ಆತು ದಿನಕ್ಕೊಂದು ಗಂಟೆ ಮಾತಾಡುವವರು. ಅಪ್ಪ ಖಾಲಾನ ಹತ್ತಿರ ಆಡಿದ್ದು ಸಲಾಂ ಬಿಟ್ಟರೆ ಬಕ್ರೀದಿನ ಕುರಿಯ ಮಾತು ಅಷ್ಟೇ. ಅವನಿಗೆ ಬರುತ್ತಿದ್ದದ್ದು ಸಂತೆಯ ಉರ್ದು. ಅಡುಗೆಮನೆಯ ಉರ್ದು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಖಾಲಾ ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದರು. "ಖಾರಾ ಹೋಗ್ಯಾ ಭಾಯಿ."

ಖಾರ ಆಯಿತಂತೆ. ಅಪ್ಪ ತಲೆ ಕೆರೆದುಕೊಂಡ. ಖಾರ ಹೆಚ್ಚಾದರೆ ಅವ್ವ ಏನು ಮಾಡುತ್ತಾಳೆ? ಉಣ್ಣಲು ಕೂತಾಗ ಯಾವತ್ತೋ ನೋಡಿದ್ದು ನೆನಪಾಯಿತು. ಚಿಟಿಕೆ ಉಪ್ಪು ಹಾಕಿ ಖಾರ ಮುರಿಯುತ್ತಾಳೆ. ಅಪ್ಪ ಒಂದು ಹಿಡಿ ಹಾಕಿದ. ಕದಡಿದ. ಮತ್ತೆ ಬಟ್ಟಲು ಗೋಡೆಯ ಮೇಲೆ ಬಂತು.

"ಯಾ ಅಲ್ಲಾ! ಔರ್ ಖಾರಾ ಹೋಗ್ಯಾ!"

ಮತ್ತೊಂದು ಹಿಡಿ. ಮೂರನೆಯ ಸಲ ಖಾಲಾ ಬಟ್ಟಲು ಮುಟ್ಟಲಿಲ್ಲ. ಕೈ ಮುಗಿದು ಒಳಗೆ ಹೋದರು. ಅಪ್ಪ ಅದನ್ನು ಒಪ್ಪಿಗೆ ಎಂದುಕೊಂಡ.

ಹನ್ನೆರಡರ ಹೊತ್ತಿಗೆ ಗುರುಲಿಂಗ ಮಾವ ಜೀಪಿನಿಂದ ಇಳಿದ. ಕೈಯಲ್ಲಿ ತನ್ನ ಹೊಲದ ತೊಗರಿಬ್ಯಾಳಿಯ ಚೀಲ. ನಮ್ಮ ಮನೆಗೆ ಅವನ ಹೊಲದ್ದೇ ಬ್ಯಾಳಿ, ಪ್ರತಿ ವರ್ಷ. ಅವ್ವನ ಬಟ್ಟೆಯ ಗಂಟು ಆಗಲೇ ಬಾಗಿಲ ಹತ್ತಿರ ಇತ್ತು. ಅಪ್ಪ ಅದರ ಕಡೆ ನೋಡದೆ ತಾಟು ಹಾಕಿದ, ರೊಟ್ಟಿ ಇಟ್ಟ, ಬೋಗುಣಿ ಎತ್ತಿ ತಂದು ಬಡಿಸಿದ. ಸೌಟು ಕೈಯಲ್ಲಿ ಹಿಡಿದೇ ಮಾವನ ಬಾಯಿ ನೋಡುತ್ತ ನಿಂತ. ನನಗೆ ನಗು ಬರುತ್ತಿತ್ತು, ಆ ಮುಖ ನೋಡಿ ನಗು ನಿಂತಿತು.

ಮಾವ ಮೊದಲ ತುತ್ತು ಬಾಯಿಗಿಟ್ಟ. ಅಗಿಯುವುದು ನಿಂತಿತು. ಕಣ್ಣು ದೊಡ್ಡವಾದವು. ಬಡಿಸಿದವನು ಅಕ್ಕನ ಗಂಡ, ಉಗುಳುವಂತಿಲ್ಲ. ನುಂಗಿದ. ಒಂದು ತಂಬಿಗೆ ನೀರು ಕುಡಿದ. ಮತ್ತೊಂದು ತಂಬಿಗೆ ಕುಡಿದ.

"ಮಾಮಾ, ಈ ಬ್ಯಾಳಿ ನಮ್ಮ ಹೊಲದ್ದೇನ್ರಿ?"

"ಹೌದು."

"ನಮ್ಮ ಹೊಲದಾಗ ಸಮುದ್ರ ಇಲ್ಲಲ್ರಿ!" ಆಮೇಲೆ ಅವ್ವನ ಕಡೆ ತಿರುಗಿದ. "ಅಕ್ಕಾ, ನಡಿ. ಇದನ್ನ ಆರು ವಾರ ಉಂಡ್ರ ನೀ ಉಪ್ಪಿನಕಾಯಿ ಆಗ್ತಿ."

ಅಪ್ಪ ಸೌಟು ಬೋಗುಣಿಯಲ್ಲಿ ಬಿಟ್ಟು ಗೋಡೆಗೆ ಆತು ಕೂತ. ಸಂತೆಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ನಮ್ಮಪ್ಪ ಅಷ್ಟು ಸಣ್ಣಗೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ತಡಿ ತಮ್ಮಾ, ನಾ ಇನ್ನೂ ಉಂಡಿಲ್ಲ," ಎಂದಳು ಅವ್ವ.

ಅಷ್ಟು ದಿನ ಅವ್ವ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ನಾನು ಚಮಚ ತರಲು ಎದ್ದೆ. ಆಕೆ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತ ಕೂತಿದ್ದಳು. ಅಪ್ಪ ಎದ್ದು ಬಂದ, ರೊಟ್ಟಿ ಮುರಿದ, ಬ್ಯಾಳಿಯಲ್ಲಿ ಅದ್ದಿ, ಭಾವಮೈದುನನ ಎದುರಿಗೇ ಅವ್ವನ ಬಾಯಿಗೆ ಇಟ್ಟ. ನಮ್ಮ ಕಡೆ ಹೀಗೆ ಗಂಡ ಹೆಂಡತಿಗೆ ತುತ್ತು ಇಡುವುದು ಮದುವೆಯ ದಿನ ಒಂದು ಸಲ, ಅದೂ ಜನ ಜುಲುಮೆ ಮಾಡಿದರೆ. ಮಾವ ಮುಖ ತಿರುಗಿಸಿ ಬೇವಿನ ಮರ ನೋಡತೊಡಗಿದ.

ಅವ್ವ ಅಗಿದಳು. ಕಣ್ಣಲ್ಲಿ ನೀರು ಬಂತು. ಉಪ್ಪಿನ ನೀರೋ ಬೇರೆಯೋ ನನಗೆ ತಿಳಿಯಲಿಲ್ಲ.

"ಇಷ್ಟು ಉಪ್ಪ ಯಾಕ ಹಾಕೀರಿ?"

"ಖಾರ ಆಗ್ಯಾದ ಅಂದ್ರು ಮೆಹರ್. ಖಾರ ಮುರಿಲಿ ಅಂತ ಹಾಕೀನಿ. ಮತ್ತ ಖಾರ ಅಂದ್ರು, ಮತ್ತ ಹಾಕೀನಿ. ನನ್ನ ನಾಲಿಗಿ ಸುಟ್ಟಿತ್ತು, ನನಗ ತಿಳೀಲಿಲ್ಲ."

ಅವ್ವ ಒಂದು ಕ್ಷಣ ಅವನನ್ನೇ ನೋಡಿದಳು. "ಏನಂದ್ರು? ಖಾರಾ ಅಂದ್ರಾ?" ಎಂದವಳೇ ನಗತೊಡಗಿದಳು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, "ಯವ್ವಾ, ನೋಯ್ತದ, ನಗಸಬ್ಯಾಡ್ರಿ," ಎನ್ನುತ್ತ ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ ಖಾಲಾನನ್ನು ಕೂಗಿದಳು.

ಗೋಡೆಯ ಮೇಲೆ ಖಾಲಾನ ತಲೆ ಕಾಣಿಸಿತು. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ನಮಕ್ ಜಾಸ್ತಿ ಹುವಾ ಬೋಲೀ ನಾ ಭಾಯಿ! ತುಮೇ ಔರ್ ನಮಕ್ ಡಾಲ್ದಿಯೇ?" ಉಪ್ಪು ಜಾಸ್ತಿ ಎಂದರೆ ಮತ್ತೆ ಉಪ್ಪೇ ಸುರಿದಿರಾ ಎಂದು ಕೇಳುತ್ತಿದ್ದರು. ಖಾಲಾನ ಮಾತಿನಲ್ಲಿ ಖಾರಾ ಎಂದರೆ ಉಪ್ಪುಪ್ಪು. ನಮ್ಮ ಮಾತಿನಲ್ಲಿ ಖಾರ ಎಂದರೆ ಮೆಣಸಿನಕಾಯಿ. ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ನಡುವೆ ಆ ಒಂದು ಮಾತು ಬೋಗುಣಿ ತುಂಬ ಬ್ಯಾಳಿ ಕೆಡಿಸಿತ್ತು. ಮಾವನೂ ನಕ್ಕ. ಅಪ್ಪ ಮಾತ್ರ ನಗಲಿಲ್ಲ, ಬಾಗಿಲ ಹತ್ತಿರದ ಗಂಟನ್ನೇ ನೋಡುತ್ತಿದ್ದ.

ಅವ್ವ ಅದನ್ನು ಕಂಡಳು. "ಸ್ವಾತಿ, ಆ ಗಂಟು ಒಳಗಿಡು," ಎಂದಳು.

"ಅಕ್ಕಾ, ಇಲ್ಲಿ ಯಾರು ಮಾಡಿ ಹಾಕ್ತಾರ ನಿನಗ?"

"ಇವರೇ ಹಾಕ್ತಾರ. ನಾ ಒಲಿ ಮುಂದ ಕುಂತು ಹೇಳ್ತೀನಿ. ಎಡಗೈ ಅದಲ್ಲ ತೋರಸಾಕ. ನೀ ಮಾತ್ರ ಇನ್ನೊಂದು ಚೀಲ ಬ್ಯಾಳಿ ಕಳಸು, ಕಲಿಯಾಕ ಹೋಗ್ತದ."

ಹಾಗೇ ಆಯಿತು. ಆರು ವಾರದಲ್ಲಿ ಅಪ್ಪ ಬ್ಯಾಳಿ ಕಲಿತ, ಅನ್ನ ಕಲಿತ, ಗ್ಯಾಸಿನ ಒಲೆಯೊಡನೆ ರಾಜಿ ಮಾಡಿಕೊಂಡ. ರೊಟ್ಟಿ ಮಾತ್ರ ಇವತ್ತಿಗೂ ನ್ಯಾಲ್ಕಲ್ ಮಂಡಲದ ನಕಾಶೆಯ ಹಾಗೆ ಬರುತ್ತದೆ. ಭಾನುವಾರದ ಬ್ಯಾಳಿ ಈಗಲೂ ಅವನದೇ. ಉಪ್ಪು ಹಾಕುವಾಗ ಎರಡು ಬೆರಳಿನಲ್ಲಿ ಹಿಡಿದು, ಗೋಡೆಯ ಕಡೆ ಒಂದು ಸಲ ನೋಡುತ್ತಾನೆ. ಆ ದಿನದ ಬೋಗುಣಿಯನ್ನು ಏನು ಮಾಡಿದಿರಿ ಎಂದು ಕೇಳುವವರಿಗೆ ಹೇಳುತ್ತೇನೆ: ನೀರು ಬೆರೆಸಿ, ಕುರಿಗಳು ನೀರು ಕುಡಿಯುವ ಹಟ್ಟಿಯ ದೋಣಿಗೆ ಹಾಕಿದೆವು. ಕುರಿಗಳು ಹೆಸರಿಡದೆ ನೆಕ್ಕಿದವು. ಎಲ್ಲಕ್ಕಿಂತ ಹೆಚ್ಚು ನೆಕ್ಕಿದ್ದು ಅವ್ವನಿಗೆ ಗುಮ್ಮಿದ ಆ ಟಗರೇ.

ಆದರೆ ನಾನು ಮರೆಯದೇ ಇರುವುದು ಅಂದು ಮಾವನ ಜೀಪು ಹೋದ ಮೇಲಿನ ಮಾತು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಒಂದು ಲೋಟ ಮಜ್ಜಿಗೆ ಹಿಡಿದು ಹೋಗಿ ಪಕ್ಕದಲ್ಲಿ ಕೂತಳು.

"ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ? ಹೋಗಬ್ಯಾಡ ಅಂತ ಒಂದು ಮಾತ ಅಂದಿದ್ರ ನಾ ಹೋಗ್ತಿದ್ನ್ಯಾ?"

ಅಪ್ಪ ಹಟ್ಟಿಯ ಕಡೆ ಮುಖ ತಿರುಗಿಸಿದ.

"ಆ ಮಾತು ಹ್ಯಾಂಗ ಆಡಬೇಕಂತ ನನಗ ತಿಳೀಲಿಲ್ಲ ಗುಂಡಾ. ಅದಕಿಂತ ಬ್ಯಾಳಿ ಮಾಡೋದೇ ಸಸಾರ ಅನಸ್ತು."

ಅವ್ವ ಈ ಸಲ ನಗಲಿಲ್ಲ. ಎಡಗೈಯಿಂದ ಮಜ್ಜಿಗೆಯ ಲೋಟವನ್ನು ಅವನ ಕಡೆ ಸರಿಸಿದಳು.

"ಕುಡೀರಿ. ನಾಲಿಗಿ ಸುಟ್ಟದ."