ಹಸು ಕಟ್ಟುವ ಗಂಟಿಗೆ ಸಿಕ್ಕ ಕೇಬಲ್

ಕಾಮಸಮುದ್ರದ ಹತ್ತಿರ, ಚಿಕ್ಕಮ್ಮನ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಮಾತಿಗೆ ಸಾಕು, ಪಾಠಕ್ಕೆ ಸಾಲದು. ಹಾಗಾಗಿ ಅವರ ಮನೆಗೆ ಕೇಬಲ್ ಇಂಟರ್‌ನೆಟ್ ಬಂತು. ಅವರ ಮಗಳು, ನನ್ನ ತಂಗಿ, ಟ್ಯೂಷನ್ ಹೇಳಲು ದಿನವೂ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿಬರುತ್ತಿದ್ದಳು. ಇನ್ನು ಮನೆಯಿಂದಲೇ ಆನ್‌ಲೈನ್ ಗಣಿತ ಎಂದಾಗ ಮಕ್ಕಳ ತಾಯಂದಿರು, ಒಂದು ಸಂಜೆ ನೋಡುತ್ತೇವೆ, ಸರಿಹೋಗದಿದ್ದರೆ ಬೇರೆ ಮೇಡಂ ಹುಡುಕಿಕೊಳ್ಳುತ್ತೇವೆ ಎಂದಿದ್ದರು.

ಆ ಸಂಜೆ ನಾನು ಅಲ್ಲಿದ್ದೆ. ಬಂಗಾರಪೇಟೆಯಿಂದ ಪತ್ರಿಕೆಗೆ ಸುದ್ದಿ ಕಳಿಸುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಆ ಮನೆಯ ನಂಬಿಕೆ. ಪಾಠಕ್ಕೆ ಸ್ವಲ್ಪ ಮುಂಚೆ ರೂಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು.

"ಅಣ್ಣ, ವೈಫೈ ಫುಲ್ ತೋರಿಸ್ತೈತೆ. ಏನೂ ಓಪನ್ ಆಗ್ತಿಲ್ಲ," ಎಂದಳು ತಂಗಿ.

"ಅದು ರೂಟರಿಂದ ಫೋನಿಗೆ ಬರೋದು. ಹೊರಗಿಂದ ರೂಟರಿಗೇ ಏನೂ ಬರ್ತಿಲ್ಲ."

ಜಗಲಿಯಿಂದ ಚಿಕ್ಕಪ್ಪ, "ಅಂದ್ರೆ ಕ್ಯಾನ್ ಐತೆ, ಹಾಲಿಲ್ಲ. ಇಷ್ಟು ಹೇಳಕ್ಕೆ ಪೇಪರ್ನೋರು ಬೇಕಾ?" ಎಂದರು.

ಆಫ್ ಮಾಡಿ ಆನ್ ಮಾಡಿದೆ. ಕೆಂಪೇ. ಕೇಬಲ್‌ನವನಿಗೆ ಫೋನ್ ಮಾಡಿದೆ. "ನಮ್ ಕಡೆ ಲೈನ್ ಚೆನ್ನಾಗೈತೆ ಸಾರ್. ಎಲ್ಲೋ ಮಡಚ್ಕೊಂಡೈತೆ, ನೋಡಿ. ಒಳಗಡೆ ಗಾಜಿನ ಎಳೆ ಸಾರ್, ಎಳೀಬೇಡಿ!" ಎಂದ.

ಗೋಡೆಯುದ್ದಕ್ಕೂ ಕೇಬಲ್ ಹಿಂಬಾಲಿಸಿದೆವು. ಅವನು ಸಡಿಲವಾಗಿ ಸುತ್ತಿ ಬಿಟ್ಟುಹೋಗಿದ್ದ ಹೆಚ್ಚುವರಿ ಭಾಗ ಬಾಗಿಲ ಹಿಂದಿನ ಗೂಟಕ್ಕೆ ಬಿಗಿದುಕೊಂಡಿತ್ತು. ಅದರ ಮೇಲೊಂದು ಹಸು ಕಟ್ಟುವ ಗಂಟು. ನೇತಾಡುವ ಹಗ್ಗ ಕಂಡರೆ ಚಿಕ್ಕಮ್ಮನ ಕೈ ಸುಮ್ಮನಿರುವುದಿಲ್ಲ.

"ಅಮ್ಮಾ, ಇದನ್ಯಾಕೆ ಕಟ್ದೆ?"

"ಅಂಗೇ ಬಿಟ್ರೆ ಕರು ಕಡಿಯಲ್ವೇನೇ?" ಕೊಟ್ಟಿಗೆಯಿಂದ ಚಿಕ್ಕಮ್ಮನ ದನಿ ಬಂತು.

"ಬಂದು ಬಿಚ್ಚು ಮೊದ್ಲು!"

"ಹಾಲು ಕರೀತಿದೀನಿ. ನಡುವೆ ಎದ್ರೆ ಇವಳು ಆಮೇಲೆ ಕೊಡಲ್ಲ. ನಿಮ್ಮಣ್ಣಂಗೆ ಬಿಚ್ಚು ಅನ್ನು, ಅಷ್ಟೆಲ್ಲ ಓದವ್ನಲ್ವಾ."

ನಾನು ಕೈಹಾಕಿದ ಮೇಲೆ ಗಂಟು ಇನ್ನಷ್ಟು ಬಿಗಿಯಾಯಿತು. ಜೋರು ಮಾಡುವಂತಿಲ್ಲ, ಕತ್ತರಿಸುವಂತಂತೂ ಇಲ್ಲವೇ ಇಲ್ಲ. ಆಗಲೇ ಒಬ್ಬ ತಾಯಿಯ ಫೋನ್: "ಶುರು ಆಗಲ್ವಾ ಮೇಡಂ?" ತಂಗಿ, "ಈಗ, ಈಗ," ಎನ್ನುತ್ತ ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದಳು. ಹಸುವಿಗೆ ಯಾವ ಆತುರವೂ ಇರಲಿಲ್ಲ.

ಕೊನೆಗೆ ಚಿಕ್ಕಮ್ಮ ಬಂದು, ಬಕೆಟ್ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹೆಬ್ಬೆರಳಿಂದ ಗಂಟನ್ನು ಹಿಂದಿನಿಂದ ಒತ್ತಿದರು. ಅದು ತಾನಾಗಿ ಜಾರಿತು.

"ಎಳೆದ್ರೆ ಬಿಚ್ಕೊಳಂಗಿದ್ರೆ ಹಸು ನಿಂತಿರ್ತದೇನ್ಲಾ?"

ಕೇಬಲ್ಲನ್ನು ಅಗಲವಾಗಿ ಸುತ್ತಿ ಮೊಳೆಗೆ ತೂಗುಹಾಕಿದೆ. ಕೆಂಪು ಆರಿತು, ಹಸಿರು ಮಿನುಗಿತು. ಪಾಠ ಶುರುವಾದಾಗ ಮಕ್ಕಳು ತೆರೆಯ ಮೇಲೆ ಇನ್ನೂ ಕಾಯುತ್ತಿದ್ದರು. ತಂಗಿಯ ಬೆನ್ನ ಹಿಂದೆ ಚಿಕ್ಕಮ್ಮ ಬಕೆಟ್ ಎತ್ತಿಕೊಂಡು ಹಾದುಹೋದರು. ಮಕ್ಕಳಿಗೆ ಹಸು ನೋಡುವ ಆಸೆ ಹುಟ್ಟಿತು. ತಂಗಿ ಅವರಿಂದ ಲೀಟರಿನ ಲೆಕ್ಕ ಮಾಡಿಸಿದಳು.

ಪಾಠ ಮುಗಿದಾಗ ಫೋನ್ ಮಾಡಿದ್ದ ತಾಯಿಯ ಮುಖ ತೆರೆಗೆ ಬಂತು.

"ನಾಳೇನೂ ಇದೇ ಟೈಮಾ ಮೇಡಂ?"

ತಂಗಿ ಒಮ್ಮೆ ಅಮ್ಮನ ಕಡೆ ನೋಡಿದಳು. "ಇಲ್ಲ, ಅರ್ಧ ಗಂಟೆ ಲೇಟು," ಎಂದಳು. "ಹಾಲು ಕರೆದಾದ್ಮೇಲೆ."