ಒಂಟಿಗಣ್ಣಿನ ಹುಲಿಯ ಕಥೆ ಹೇಳುವವನು

ಬೆಟಗೇರಿಯ ನೇಕಾರರ ಓಣಿಯಲ್ಲಿ ನಿಂತು ‘ವಾಲ್ಡೇರಾ’ ಅಂದು ನೋಡಿ, ಯಾರಾದರೂ ಒಬ್ಬರು ಆನಂದನ ಮನೆಗೆ ಕೈ ತೋರಿಸುತ್ತಾರೆ. ವಾಲ್ಡೇರಾ ಅನ್ನುವುದು ದೇವರೂ ಅಲ್ಲ, ತಿನ್ನುವ ಪದಾರ್ಥವೂ ಅಲ್ಲ. ಅದು ಇಟಲಿ ದೇಶದ ಒಂದು ಕಾರ್ ರೇಸಿನ ತಂಡ. ಆ ತಂಡದ ಹಸಿರು ಕಾರುಗಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅಂಥದ್ದಕ್ಕೆ ಗದಗಿನಲ್ಲಿ ಅಭಿಮಾನಿಗಳ ಬಳಗ ಯಾಕಪ್ಪಾ ಎಂದು ನನ್ನನ್ನು ಕೇಳಬೇಡಿ. ಪ್ರೀತಿಗೆ ಕಾರಣ ಕೇಳಿ ಉದ್ಧಾರವಾದವರನ್ನು ನಾನಂತೂ ಕಂಡಿಲ್ಲ.

ಶುರುವಾದದ್ದು ಹೀಗೆ. ಸುಮಾರು ಇಪ್ಪತ್ತೆಂಟು ವರ್ಷದ ಹಿಂದೆ ಆನಂದನ ಗೆಳೆಯ ತನ್ವೀರನ ಗ್ಯಾರೇಜಿಗೆ ಒಂದು ಹಳೇ ಕಾರು ಗುಜರಿಗೆ ಬಂತು. ಅದರ ಡಿಕ್ಕಿಯಲ್ಲಿ ಒಂದು ಚೀಲದ ತುಂಬ ಇಂಗ್ಲಿಷ್ ಮೋಟಾರು ಪತ್ರಿಕೆಗಳಿದ್ದವು. ಇಬ್ಬರಿಗೂ ಚಿತ್ರ ನೋಡಿ ಹುಚ್ಚು ಹತ್ತಿತು, ಓದಲು ಮಾತ್ರ ಬರಲಿಲ್ಲ. ಚೀಲ ಹೊತ್ತುಕೊಂಡು ಶ್ರೀನಿವಾಸ ಮಾಸ್ತರರ ಮನೆಗೆ ಹೋದರು. ಮಾಸ್ತರರು ದೇವಸ್ಥಾನದ ಪೂಜೆಯ ಮನೆತನದವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಬೈದು ಕಳಿಸುತ್ತಾರೆ ಅಂದುಕೊಂಡರೆ, ಪುಣ್ಯಾತ್ಮರು ಎರಡು ಬೇಸಿಗೆ ರಜೆ ಕುಳಿತು ವಾಲ್ಡೇರಾ ತಂಡದ ಇತಿಹಾಸವನ್ನಷ್ಟೂ ದುಂಡನೆಯ ಕನ್ನಡ ಅಕ್ಷರದಲ್ಲಿ ಎರಡು ನೋಟುಬುಕ್ಕಿಗೆ ಇಳಿಸಿಕೊಟ್ಟರು. ಆ ಎರಡು ನೋಟುಬುಕ್ಕೇ ಬಳಗದ ಪುರಾಣವಾಯಿತು. ಆನಂದ ಅಪ್ಪನ ಕೈಮಗ್ಗದ ಮೇಲೆ ಹಸಿರು ನೂಲಿನಲ್ಲಿ ಬಿಳಿ ಪಟ್ಟಿಯ ಬಾವುಟ ನೇಯ್ದ. ಈಗ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರನ್ನೂ ಸೇರಿಸಿ ಮೂವತ್ತು ಮೂವತ್ತೈದು ಜನ. ಅದರಲ್ಲಿ ಮಾಸ್ತರರ ಮಗ ಧೀರೇಂದ್ರನೂ ಒಬ್ಬ. ನಾಗಾವಿಯಲ್ಲಿ ಆಫೀಸಿನ ಕೆಲಸ. ಮಾಸ್ತರರು ಈಗಿಲ್ಲ.

ಮಗ್ಗ ಹೊಟ್ಟೆಗೆ ಸಾಲದಾದಾಗ ಆನಂದ ಒಂದು ವ್ಯಾನು ತೆಗೆದುಕೊಂಡ. ಬೆಟಗೇರಿಯಿಂದ ಹುಲಕೋಟಿಯ ಶಾಲೆಗೆ ಹನ್ನೆರಡು ಮಕ್ಕಳನ್ನು ಬೆಳಿಗ್ಗೆ ಬಿಡುವುದು, ಸಂಜೆ ತರುವುದು. ರೇಸಿನ ಹುಚ್ಚ ಎಂದು ತಾಯಂದಿರು ಮೊದಮೊದಲು ಅನುಮಾನಿಸಿದರು. ಆಮೇಲೆ ನೋಡಿದರೆ ಎತ್ತಿನ ಗಾಡಿಯವನೂ ಇವನನ್ನು ದಾಟಿ ಹೋಗಬೇಕು, ಅಷ್ಟು ನಿಧಾನ. ಧೀರೇಂದ್ರನ ಮಗಳು, ಏಳು ವರ್ಷದ ಸಮೀಕ್ಷಾ, ಅವನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು.

ಬಳಗದಲ್ಲಿ ಆನಂದನ ಗೌರವವೆಲ್ಲ ಇದ್ದದ್ದು ಅವನ ಬಾಯಲ್ಲಿ. ಪ್ರತಿ ವರ್ಷ ಸೆಪ್ಟೆಂಬರಿನ ಎರಡನೇ ಭಾನುವಾರ ನೇಕಾರರ ಸಂಘದ ಹಾಲಿನಲ್ಲಿ ಎಲ್ಲರೂ ಸೇರಿ, ಗಿರ್ಮಿಟ್ ಮಿರ್ಚಿ ತಿಂದು, ಚಹಾ ಕುಡಿದು ಕೂರುತ್ತಾರೆ. ಆನಂದ ನಿಂತು ಬ್ರಾಸ್ಕಿಯ ಕಥೆ ಹೇಳುತ್ತಾನೆ. ಬ್ರಾಸ್ಕಿ ಆ ತಂಡದ ಹಳೇ ಕಾಲದ ಚಾಲಕ. ಬಲಗಣ್ಣು ಹೋಗಿದ್ದರೂ ಯಾರಿಗೂ ಹೇಳದೆ ಎರಡು ವರ್ಷ ಕಾರು ಓಡಿಸಿ ನಾಲ್ಕು ರೇಸು ಗೆದ್ದು, ಐದನೆಯದರಲ್ಲಿ ಸತ್ತವನು. ಕಥೆಗೆ ಜನ ಸಾಲುಸಾಲಿಗೆ ‘ಹೂಂ, ಮುಂದ?’ ಅನ್ನುತ್ತಾರೆ. ಕೊನೆಗೆ ಎಲ್ಲರೂ ಬಲಗೈಯಿಂದ ಬಲಗಣ್ಣು ಮುಚ್ಚಿಕೊಂಡು, “ಬ್ರಾಸ್ಕಿ, ಒಂಟಿಗಣ್ಣಿನ ಹುಲಿ!” ಎಂದು ಸೂರು ಹಾರಿಹೋಗುವಂತೆ ಕೂಗುತ್ತಾರೆ. ವಾಲ್ಡೇರಾದ ಖುಷಿಯ ಸುದ್ದಿ ಯಾವಾಗ ಬಂದರೂ ಬಳಗದವರ ನಮಸ್ಕಾರ ಇದೇ.

ಈ ನಮಸ್ಕಾರವೇ ಆನಂದನ ಪ್ರಾಣಕ್ಕೆ ಬಂತು.

ಹೋದ ಜನವರಿಯಲ್ಲಿ ತಂಡದ ಹೊಸ ಕಾರು ತೋರಿಸುತ್ತಿದ್ದರು. ನಾಲ್ಕಾರು ಮಂದಿ ತನ್ವೀರನ ಗ್ಯಾರೇಜಿನಲ್ಲಿ ಮೊಬೈಲಿಗೆ ಮುಖ ಇಟ್ಟು ನಿಂತಿದ್ದರು. ಕಾರಿಗೆ ಹೊದಿಸಿದ್ದ ಬಟ್ಟೆ ಸರಿಯಿತು, ಎಲ್ಲರೂ ಕೂಗಿದರು. ಆನಂದನ ಬಲಗೈಯಲ್ಲಿ ಬಿಸಿ ಚಹಾ ಇತ್ತು. ಇರಲಿ ಎಂದು ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಕೂಗಿದ. ಕೂಗು ಅರ್ಧಕ್ಕೇ ನಿಂತಿತು. ಎದುರಿಗೆ ತನ್ವೀರ ಇರಲಿಲ್ಲ, ಗ್ಯಾರೇಜು ಇರಲಿಲ್ಲ, ಬೆಳಗಿನ ಬಿಸಿಲೂ ಇರಲಿಲ್ಲ. ಬೂದಿ ಬಣ್ಣದ ಹೊಗೆ ಮಾತ್ರ. ಕೈ ತೆಗೆದ, ಎಲ್ಲ ಬಂತು. ಮತ್ತೆ ಮುಚ್ಚಿದ, ಎಲ್ಲ ಹೋಯಿತು. ಚಹಾ ಅಂಗಿಯ ಮೇಲೆ ಚೆಲ್ಲಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಗದಗಿನಲ್ಲಿ ತೋರಿಸಿಕೊಂಡರೆ ಗುರುತಿನವರು ನೋಡಿಯಾರು ಎಂದು ಮುಂಡರಗಿಗೆ ಹೋದ. ಅಲ್ಲಿ ಕಣ್ಣಿನ ಉಚಿತ ಶಿಬಿರ ನಡೆದಿತ್ತು. ಹೆಸರು ಪ್ರಲ್ಹಾದ ಎಂದು ಬರೆಸಿದ. ಕಳ್ಳನಿಗೆ ಒಂದೇ ದಾರಿಯೇ?

ಡಾಕ್ಟರು ಲೈಟು ಬಿಟ್ಟು ಬಹಳ ಹೊತ್ತು ನೋಡಿದರು. “ಈ ಕಣ್ಣಿನ ನರ ಹೋಗೇತ್ರಿ ಯಜಮಾನ್ರ. ತಿರುಗಿ ಬರಂಗಿಲ್ಲ. ಎಡಗಣ್ಣರ ಉಳಿಸ್ಕೊಳ್ರಿ, ದಿನಾ ತಪ್ಪದ ಹನಿ ಹಾಕ್ಕೊಳ್ರಿ. ಏನ್ ಕೆಲಸ ಮಾಡ್ತೀರಿ?”

“ಮಗ್ಗ ನೇಯ್ತೀನ್ರಿ,” ಅಂದ ಆನಂದ.

“ಚಲೋ ಆತು. ಗಾಡಿ ಗೀಡಿ ಮಾತ್ರ ಹೊಡಿಬ್ಯಾಡ್ರಿ ಮತ್ತ.”

ಮರುದಿನ ಬೆಳಿಗ್ಗೆ ಎಂಟಕ್ಕೆ ಹನ್ನೆರಡು ಮಕ್ಕಳು ವ್ಯಾನಿನಲ್ಲಿ ಕುಳಿತಿದ್ದರು. ಗಾಡಿ ಹೊಡೆದ.

ಯಾಕೆ ಹೊಡೆದ ಎಂದು ಬೈಯುವುದು ಸುಲಭ. ನಾನೂ ಬೈಯುತ್ತೇನೆ. ಆದರೆ ಐವತ್ತೆರಡನೇ ವಯಸ್ಸಿಗೆ ಮಗ್ಗವೂ ಇಲ್ಲ, ವ್ಯಾನೂ ಇಲ್ಲ ಎಂದರೆ ಒಲೆ ಹೊತ್ತುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ನೀ ಯಾರಪ್ಪಾ ಅಂದರೆ ಹೇಳಲು ಅವನಿಗೇನೂ ಉಳಿಯುತ್ತಿರಲಿಲ್ಲ. ಆ ಹೆದರಿಕೆ ಮನೆಯಲ್ಲಿ, ಈ ಹೆದರಿಕೆ ರಸ್ತೆಯಲ್ಲಿ. ಬಲಕ್ಕೆ ಏನಿದೆ ಎಂದು ನೋಡಲು ಗೂಗೆಯ ಹಾಗೆ ಇಡೀ ಕುತ್ತಿಗೆ ತಿರುಗಿಸಬೇಕು. ತಿರುಗಿಸಿದರೆ ಮುಂದಿನದು ಕಾಣದು. ಇಲ್ಲದ ಕಡೆಯಿಂದ ಧುತ್ತೆಂದು ಬೈಕು ಬರುತ್ತಿತ್ತು, ಲಾರಿ ಬರುತ್ತಿತ್ತು. ದಿನಕ್ಕೆ ಎರಡು ಸಲ ಜೀವ ಬಾಯಿಗೆ ಬರುತ್ತಿತ್ತು. ಶಾಲೆಯ ಗೇಟಿನಲ್ಲಿ ಮಕ್ಕಳು ಇಳಿಯುವಾಗ ಬಾಯಲ್ಲೇ ಎಣಿಸುತ್ತಿದ್ದ. ಹನ್ನೆರಡು ಬಂತು ಅಂದ ಮೇಲೆ ಸ್ಟೇರಿಂಗಿಗೆ ಹಣೆ ಹಚ್ಚಿ ಕೂರುತ್ತಿದ್ದ.

“ಕುತ್ತಿಗಿ ಯಾಕ ಹಂಗ ತಿರಗಸ್ತೀರಿ? ಉಳುಕೇತೇನು?” ಎಂದು ಹೆಂಡತಿ ಸುನಿತಾ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, “ಕಣ್ಣಿಗೇನ್ ಆಗಿಲ್ಲ ನನಗ!” ಎಂದು ಸಿಡುಕಿದ. ಅವಳು ಕಣ್ಣಿನ ಮಾತೇ ಎತ್ತಿರಲಿಲ್ಲ.

ತನ್ವೀರನಿಗೆ ಒಬ್ಬನಿಗೇ ಹೇಳಿದ. ತನ್ವೀರ ವ್ಯಾನಿನ ಬಲಕ್ಕೆ ಒಂದು ದೊಡ್ಡ ಉಬ್ಬುಗನ್ನಡಿ ಕೂಡಿಸಿಕೊಟ್ಟ. “ಬ್ರಾಸ್ಕಿ ಒಂದ ಕಣ್ಣಾಗ ನಾಕ ರೇಸ್ ಗೆದ್ದಾನಲೇ. ನೀ ಹುಲಕೋಟಿಗೆ ಹೋಗಿ ಬರಾಕ ಅಂಜತೀಯೇನ? ಎದಿ ಗಟ್ಟಿ ಮಾಡ್ಕೊ,” ಅಂದ. ಗೆಳೆತನದಿಂದಲೇ ಅಂದದ್ದು. ಕಥೆ ಹೇಳಿದವನಿಗೇ ಕಥೆ ತಿರುಗಿ ಬಂತು. ಆನಂದ ಅದನ್ನೇ ನಂಬಿಕೊಂಡು ಇನ್ನಷ್ಟು ತಿಂಗಳು ದೂಡಿದ.

ಆಗಸ್ಟ್ ಕೊನೆಗೆ ಅದು ಆಗಿಯೇ ಹೋಯಿತು. ಮಲ್ಲಸಮುದ್ರದ ಹನಮಂತವ್ವ ಸೊಪ್ಪಿನ ಬುಟ್ಟಿ ಹೊತ್ತು ಬಲಗಡೆಯಿಂದ ರಸ್ತೆ ದಾಟುತ್ತಿದ್ದಳು. ಆನಂದನ ಲೆಕ್ಕಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮಕ್ಕಳು ಕಿಟಾರನೆ ಕಿರುಚಿದಾಗ ಬ್ರೇಕಿನ ಮೇಲೆ ನಿಂತೇಬಿಟ್ಟ. ಬುಟ್ಟಿ ಗಾಲಿಯ ಕೆಳಗೆ ಹೋಯಿತು. ಮುದುಕಿ ಅತ್ತ ಬಿದ್ದಳು. ಒಂದು ಮೊಳ ಇತ್ತ ಬಿದ್ದಿದ್ದರೆ ಮುಗಿದಿತ್ತು.

“ಕಣ್ಣಾಗ ಸುಣ್ಣಾ ಹಾಕ್ಕೊಂಡೀಯೇನೋ ನನ್ನ ಹಾಟ್ಯಾ!” ಎಂದು ಹನಮಂತವ್ವ ಮೆಂತ್ಯ ಸೊಪ್ಪಿನ ನಡುವೆ ಎದ್ದು ಕುಳಿತು ಬೈದಳು. “ಇಷ್ಟ ದೊಡ್ಡ ಮನಷ್ಯಾಳು ಬರ್ತೀನಿ, ಕಾಣಂಗಿಲ್ಲ ನಿನಗ? ಕೂಸುಗಳನ್ನ ಹಾಕ್ಕೊಂಡ ಹೊಂಟೀಯಲ್ಲ, ಅವ್ವ ಅಪ್ಪಾರ ಹೊಟ್ಟಿ ಉರಸಾಕ ಹುಟ್ಟೀಯೇನ!”

ಆನಂದ ಇಳಿದು ಅವಳ ಕಾಲು ಹಿಡಿದ. ಎಬ್ಬಿಸಿ ನಿಲ್ಲಿಸಿದ. ಹಿಂದೆ ತಿರುಗಿ ವ್ಯಾನಿನೊಳಗೆ ನೋಡಿದರೆ ಸಮೀಕ್ಷಾಳ ತುಟಿ ಸೀಟಿನ ಕಬ್ಬಿಣಕ್ಕೆ ಬಡಿದು ರಕ್ತ ಸೋರುತ್ತಿತ್ತು. ಮಗು ಅಳುತ್ತಿರಲಿಲ್ಲ. ಇವನ ಮುಖವನ್ನೇ ನೋಡುತ್ತಿತ್ತು.

ಮನೆಯಲ್ಲಿ ಹೇಳಬೇಡಿ ಎಂದು ಮಕ್ಕಳಿಗೆ ಕೈಮುಗಿದ. ಸಂಜೆ ಧೀರೇಂದ್ರನ ಮನೆ ಬಾಗಿಲಲ್ಲಿ ನಿಂತು, “ನಾಯಿ ಅಡ್ಡ ಬಂತಪಾ,” ಎಂದು ಹೇಳಿದ.

“ಇರ್ಲಿ ಬಿಡ್ರಿ ಆನಂದಣ್ಣಾ, ಸಣ್ಣ ಗಾಯ,” ಅಂದ ಧೀರೇಂದ್ರ. “ನಿಮ್ಮ ಕೈಯಾಗ ಕೊಟ್ಟ ಮ್ಯಾಲ ನಮಗೇನ್ ಚಿಂತಿ?”

ಅದರ ಬದಲು ಕಪಾಳಕ್ಕೆ ಎರಡು ಬಿಗಿದಿದ್ದರೆ ಆನಂದ ಆ ದಿನ ಊಟ ಮಾಡುತ್ತಿದ್ದ.

ಬ್ರಾಸ್ಕಿಯ ಕಥೆ ಹೇಳುವ ಭಾನುವಾರಕ್ಕೆ ಇನ್ನು ಎರಡು ವಾರ. ಧೈರ್ಯ ಸಿಗುತ್ತದೇನೋ ಎಂದು ಮಾಸ್ತರರ ನೋಟುಬುಕ್ಕು ತೆಗೆದ. ಕಥೆ ಬಾಯಿಪಾಠವಾಗಿ ಎಷ್ಟೋ ವರ್ಷವಾಗಿತ್ತು, ಬುಕ್ಕು ಬಿಚ್ಚಿರಲಿಲ್ಲ. ಕೊನೆಯ ರೇಸಿನ ಪುಟದಲ್ಲಿ ಆರು ಸಾಲುಗಳ ಸುತ್ತ ಪೆನ್ಸಿಲಿನ ಗೆರೆ. ಬದಿಗೆ ತನ್ನದೇ ವಕ್ರ ಅಕ್ಷರ: ‘ಇದನ್ನು ಹೇಳುವುದಿಲ್ಲ, ಕಥೆ ಕೆಡುತ್ತದೆ.’ ಆನಂದ ಆ ಆರು ಸಾಲನ್ನು ಎರಡೆರಡು ಸಲ ಓದಿದ. ಮರೆತಿದ್ದನೋ, ಮರೆತೆ ಎಂದು ಮಾಡಿಕೊಂಡಿದ್ದನೋ, ಶಿವನೇ ಬಲ್ಲ.

ಸೆಪ್ಟೆಂಬರಿನ ಭಾನುವಾರ ಬಂತು. ಹಾಲಿನಲ್ಲಿ ಫ್ಯಾನು ಗರಗರ ತಿರುಗುತ್ತಿತ್ತು. ಗಿರ್ಮಿಟ್ ಆಯಿತು, ಚಹಾ ಆಯಿತು. ಧೀರೇಂದ್ರ ಮುಂದಿನ ಸಾಲಿನಲ್ಲಿ, ತನ್ವೀರ ಅವನ ಹಿಂದೆ. ಆನಂದ ಬಾವುಟದ ಮುಂದೆ ನಿಂತ. ಕಥೆ ತನ್ನ ರೂಢಿಯಂತೆ ಹೋಯಿತು: ಬ್ರಾಸ್ಕಿಯ ಬಡತನ, ಕಣ್ಣು ಹೋದದ್ದು, ಒಂದನೇ ಗೆಲುವು, ಎರಡನೇ ಗೆಲುವು. ‘ಹೂಂ, ಮುಂದ?’ ಅಂದರು ಜನ. ನಾಲ್ಕೂ ಗೆಲುವು ಮುಗಿದವು. ಕೊನೆಯ ರೇಸು ಬಂತು. ಹಿಂದಿನವರಾಗಲೇ ಕಣ್ಣು ಮುಚ್ಚಲು ಕೈ ಎತ್ತಿದ್ದರು.

“ತಡೀರಿ,” ಅಂದ ಆನಂದ. “ಕಥಿ ಇನ್ನೂ ಐತಿ. ಇಷ್ಟ ವರ್ಷ ನಾ ಹೇಳಿಲ್ಲ.”

ಕೈಗಳು ಇಳಿದವು.

“ಆ ರೇಸಿನ್ಯಾಗ ತಿರುವಿನ ಬಲಕ್ಕ ಒಬ್ಬಾಂವ ನಿಂತಿದ್ದ. ಕೊರಾದೋ ಅಂತ ಹೆಸರು. ರೊಟ್ಟಿ ಸುಡಾಂವ. ರೇಸ್ ಇದ್ದಾಗ ಬಂದು ಹಳದಿ ಬಾವುಟ ಬೀಸ್ತಿದ್ದ. ಮುಂದ ಒಂದ ಗಾಡಿ ಕೆಟ್ಟ ನಿಂತಿತ್ತು, ಸಾವಕಾಶ ಬರ್ರಿ ಅಂತ ಬೀಸಾಕ ಹತ್ತಿದ್ದ. ಎಲ್ಲಾರಿಗೂ ಕಾಣ್ತು. ಬ್ರಾಸ್ಕಿಗೆ ಕಾಣ್ಲಿಲ್ಲ. ಬ್ರಾಸ್ಕಿ ಸತ್ತದ್ದು ಆಮ್ಯಾಲ. ಮೊದಲ ಕೊರಾದೋ ಮ್ಯಾಲ ಹಾದ. ಅವಂಗ ಮೂರ ಮಕ್ಳಿದ್ವು.” ಆನಂದ ತನ್ವೀರನ ಕಡೆ ನೋಡದೆ ಮುಂದುವರಿಸಿದ. “ಬ್ರಾಸ್ಕಿ ಕಣ್ಣ ಹೋಗಿದ್ದು ಅವನ ಮೆಕ್ಯಾನಿಕ್ಕಿಗೆ ಗೊತ್ತಿತ್ತು. ಗೆಳೆತನಾ ಅಂತ ಸುಮ್ನಿದ್ದ. ಮಾಸ್ತರ ಇದನ್ನೆಲ್ಲಾ ಬರದ ಕೊಟ್ಟಿದ್ರು. ನಾನ ತಗದ ಹಾಕ್ದೆ.”

ಯಾರೂ ಹೂಂ ಅನ್ನಲಿಲ್ಲ. ತನ್ವೀರ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡುತ್ತಿದ್ದ.

“ನನಗೂ ಬಲಗಣ್ಣ ಇಲ್ಲ,” ಅಂದ ಆನಂದ. ಹಿಂದಿದ್ದ ಮೇಜನ್ನು ಹಿಡಿದುಕೊಂಡ. “ಡಾಕ್ಟರ್ ಗಾಡಿ ಹೊಡಿಬ್ಯಾಡ ಅಂದಾರ. ನಾ ಹೊಡದೇನಿ.”

“ಎಷ್ಟ ದಿನಾತು?” ಧೀರೇಂದ್ರನ ದನಿ. ಬಹಳ ಮೆತ್ತಗಿತ್ತು.

“ಎಂಟ ತಿಂಗಳಾತು.”

“ನಾಯಿ ಅಡ್ಡ ಬಂತು ಅಂದ್ರಿ.”

“ನಾಯಿ ಅಲ್ಲಪಾ. ಮನಷ್ಯಾಳು. ನನಗ ಕಾಣ್ಲಿಲ್ಲ.”

ಕುರ್ಚಿ ಧಡಕ್ಕನೆ ಬಿದ್ದ ಸಪ್ಪಳ ಕೇಳಿತು. ಆನಂದನಿಗೆ ತಲೆ ಎತ್ತುವ ಧೈರ್ಯವಿರಲಿಲ್ಲ. ಬೈಗಳಿಗೆ ಕಾದ. ಏನು ಅಂದರೂ ತಲೆಬಾಗಿ ಕೇಳುವುದೆಂದು ನಿಂತ. ಬೈಗಳು ಬರಲಿಲ್ಲ. ಕೊನೆಗೆ ತಲೆ ಎತ್ತಿದರೆ ಧೀರೇಂದ್ರ ಕುಳಿತಿದ್ದ ಜಾಗ ಖಾಲಿ ಇತ್ತು. ಹೊರಗೆ ಹೋದನೆಂದುಕೊಂಡ. ಆದರೆ ಜನ ಬಾಗಿಲ ಕಡೆ ನೋಡುತ್ತಿರಲಿಲ್ಲ. ಮೂವತ್ತು ಮುಖಗಳೂ ಬಾಯಿ ತೆರೆದು ಅವನ ಪಕ್ಕದಲ್ಲೇ ಏನನ್ನೋ ನೋಡುತ್ತಿದ್ದವು.

“ಏ ಧೀರೂ, ಬ್ಯಾಡೋ! ಬ್ಯಾಡ!” ಎಂದು ತನ್ವೀರ ಕುರ್ಚಿ ತಳ್ಳಿ ಓಡಿ ಬಂದ.

ಧೀರೇಂದ್ರ ಎತ್ತಿದ ಕೈ ಆನಂದನ ಬಲಗೆನ್ನೆಯಿಂದ ಒಂದು ಗೇಣು ದೂರದಲ್ಲಿ ಇತ್ತು. ಹೊಡೆಯಲೆಂದೇ ಎತ್ತಿದ್ದ. ಆನಂದ ಮುಖ ತಿರುಗಿಸಲಿಲ್ಲ, ಹಿಂದೆ ಸರಿಯಲಿಲ್ಲ, ಬಲಗಣ್ಣಿನ ರೆಪ್ಪೆ ಕೂಡ ಅಲುಗಲಿಲ್ಲ. ಎದುರಿಗೆ ಓಡಿ ಬರುತ್ತಿದ್ದ ಗೆಳೆಯನನ್ನೇ ನೋಡುತ್ತ, ಗಾಬರಿಯಿಂದ ಕೇಳಿದ:

“ಯಾಕ ತನ್ವೀರ, ಏನಾತು? ಧೀರೂ ಎಲ್ಲಿ ಹೋದ?”